ಕೊಲೊನೋಸ್ಕೋಪಿಗೆ ಮುಂಚೆ ಹೊಟ್ಟೆ ತೊಳೆಯೋ ಔಷಧಿ: ಯಾವುದು ಯಾರಿಗೆ, ಕೊಡಗಿನಿಂದ ಹೊರಡೋರು ಎಷ್ಟು ಗಂಟೆಗೆ ಕುಡಿಬೇಕು?

ವಿರಾಜಪೇಟೆ ಓದುಗ

ಕೊಲೊನೋಸ್ಕೋಪಿಗೆ (ಕ್ಯಾಮೆರಾ ಇರೋ ಕೊಳವೆ ಹಾಕಿ ದೊಡ್ಡ ಕರುಳು ನೋಡೋ ಪರೀಕ್ಷೆ) ಒಂದೊಂದು ಕಡೆ ಒಂದೊಂದು ಔಷಧಿ ಬರೆದುಕೊಡ್ತಾರೆ. ಒಂದು ಕಡೆ ಎರಡು ಲೀಟರ್ ನೀರಿಗೆ ಕಲಸೋ ಪುಡಿ, ಇನ್ನೊಂದು ಕಡೆ 45 ಮಿ.ಲೀ.ನ ಎರಡು ಶೀಶೆ, ಮತ್ತೊಂದು ಕಡೆ ಅರ್ಧ ಲೋಟ ನೀರಿಗೆ ಹಾಕೋ ಪೊಟ್ಟಣ. ಇವುಗಳಲ್ಲಿ ನಿಜವಾದ ವ್ಯತ್ಯಾಸ ಏನು? ಉದಾಹರಣೆಗೆ ತಗೊಳ್ಳಿ: 68 ವರ್ಷದವರು, ಬಿಪಿ ಮತ್ತು ಸಕ್ಕರೆಗೆ ಮಾತ್ರೆ ನಡೀತಿದೆ, ಮೂತ್ರಪಿಂಡದ ಕೆಲಸ ತಿಳಿಸೋ ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ 1.6 (ಹೆಚ್ಚು), ಮೈಸೂರಿನಲ್ಲಿ ಬೆಳಗ್ಗೆ 11ಕ್ಕೆ ಸಮಯ ಕೊಟ್ಟಿದ್ದಾರೆ. ಸಣ್ಣ ಶೀಶೆ ಕುಡಿಯೋದು ಸುಲಭ, ಅದನ್ನೇ ತರಬಹುದಾ? ಹಿಂದಿನ ರಾತ್ರಿಯೇ ಪೂರ್ತಿ ಕುಡಿದು ಮುಗಿಸಿದರೆ ದಾರಿಯಲ್ಲಿ ತೊಂದರೆ ಇರಲ್ಲ ಅಲ್ವಾ?

ಗೋಣಿಕೊಪ್ಪ ಫಾರ್ಮಸಿ

ಅಣ್ಣ, ಮೊದಲು ಆ ಶೀಶೆ ವಿಷಯ. 45 ಮಿ.ಲೀ. ಅಂದರೆ ಅದು ಸೋಡಿಯಂ ಫಾಸ್ಫೇಟ್. ಕ್ರಿಯಾಟಿನಿನ್ 1.6 ಇರೋರಿಗೆ ಅದು ಬೇಡವೇ ಬೇಡ. ಅದರ ಫಾಸ್ಫೇಟ್ ರಕ್ತಕ್ಕೆ ಸೇರುತ್ತೆ. ಭೇದಿ ಆಗಿ ದೇಹ ಒಣಗಿರೋ ಹೊತ್ತಿಗೆ ಅದು ಕ್ಯಾಲ್ಸಿಯಂ ಜೊತೆ ಸೇರಿ ಮೂತ್ರಪಿಂಡದ ಸಣ್ಣ ನಾಳಗಳಲ್ಲಿ ಹರಳುಗಟ್ಟುತ್ತೆ. ಕೆಲವರಲ್ಲಿ ಆ ಹಾನಿ ಮತ್ತೆ ಸರಿಹೋಗಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2008ರ ಡಿಸೆಂಬರ್‌ನಲ್ಲಿ ಈ ಬಗ್ಗೆಯೇ ಅತಿ ಗಂಭೀರ ಎಚ್ಚರಿಕೆ ಕೊಟ್ಟಿತು. ವಯಸ್ಸಾದವರು, ಬಿಪಿಗೆ 'ಪ್ರಿಲ್' ಅಥವಾ 'ಸಾರ್ಟನ್' ಅಂತ ಕೊನೆಯಾಗೋ ಹೆಸರಿನ ಮಾತ್ರೆ ತಗೊಳ್ಳೋರು, ನೀರಿನ ಮಾತ್ರೆ (ಮೂತ್ರ ಹೆಚ್ಚಿಸೋದು) ತಗೊಳ್ಳೋರು, ನೋವಿಗೆ ಡಿಕ್ಲೋಫೆನಾಕ್ ನುಂಗೋರು, ಇವರಿಗೆಲ್ಲ ಅಪಾಯ ಹೆಚ್ಚು. ನೀವು ಹೇಳಿದ ಉದಾಹರಣೆಯಲ್ಲಿ ವಯಸ್ಸು, ಮೂತ್ರಪಿಂಡ ಎರಡೂ ಇವೆ, ಬಿಪಿ ಮಾತ್ರೆ ಈ ಗುಂಪಿನದಾದರೆ ಮೂರು ಕಾರಣ ಒಟ್ಟಿಗೇ. ಚೀಟಿ ಇಲ್ಲದೆ ಯಾರಾದರೂ ಕೊಟ್ಟರೂ ತಗೋಬೇಡಿ.

ಪುಡಿ ಅಂದರೆ ಪಾಲಿಎಥಿಲೀನ್ ಗ್ಲೈಕಾಲ್, ಬಾಯಲ್ಲಿ ಎಲ್ಲರೂ 'ಪೆಗ್' ಅಂತಾರೆ. ಇಲ್ಲಿ ಹೆಚ್ಚಾಗಿ ಸಿಗೋ ಪೆಗ್ಲೆಕ್ ಪೊಟ್ಟಣ 137.15 ಗ್ರಾಂ. ಅದರಲ್ಲಿ ಪೆಗ್ 118 ಗ್ರಾಂ, ಉಳಿದದ್ದು ಸೋಡಿಯಂ, ಪೊಟ್ಯಾಸಿಯಂ ಲವಣಗಳು. ಒಂದು ಪೊಟ್ಟಣಕ್ಕೆ ಸರಿಯಾಗಿ 2 ಲೀಟರ್ ನೀರು. ಚೆಂಬಿನ ಲೆಕ್ಕ ಬೇಡ, ಒಂದು ಲೀಟರ್‌ನ ಎರಡು ಬಾಟಲಿ ಅಳೆದು ಹಾಕಿ. ಪೆಗ್ಗನ್ನು ಕರುಳು ಹೀರಿಕೊಳ್ಳಲ್ಲ. ರಕ್ತದಲ್ಲಿರೋಷ್ಟೇ ಸಾಂದ್ರತೆಯಲ್ಲಿ ಲವಣ ಹಾಕಿರೋದರಿಂದ ದೇಹದ ನೀರನ್ನೂ ಎಳೆಯಲ್ಲ, ತನ್ನ ನೀರನ್ನೂ ದೇಹಕ್ಕೆ ಬಿಡಲ್ಲ, ಬಂದ ಹಾಗೇ ಹರಿದು ಹೋಗುತ್ತೆ. ಮೂತ್ರಪಿಂಡ, ಹೃದಯ, ಯಕೃತ್ತಿನ ತೊಂದರೆ ಇರೋರಿಗೆ ವೈದ್ಯರು ಅದನ್ನೇ ಆರಿಸೋದು ಈ ಕಾರಣಕ್ಕೆ. ಕಷ್ಟ ಒಂದೇ, ಕುಡಿಯೋ ಪ್ರಮಾಣ ಜಾಸ್ತಿ, ರುಚಿ ಉಪ್ಪುಪ್ಪು.

ನೀರು ಕಡಿಮೆ ಹಾಕಿ ಗಟ್ಟಿ ಮಾಡಿದರೆ ಬೇಗ ಮುಗಿಯುತ್ತೆ ಅಂತ ಕೆಲವರು ಯೋಚಿಸ್ತಾರೆ. ಹಾಗೆ ಮಾಡಿದರೆ ಮೇಲೆ ಹೇಳಿದ ಸಮತೋಲನವೇ ಹೋಯ್ತು: ದ್ರಾವಣ ದೇಹದಿಂದ ನೀರು ಎಳೆಯುತ್ತೆ, ವಾಂತಿಯೂ ಬರುತ್ತೆ.

ಕರುಳು ವೈದ್ಯ

ಎರಡನೇ ಪ್ರಶ್ನೆ ಮೊದಲನೆಯದಕ್ಕಿಂತ ಮುಖ್ಯ. ಯಾವ ಔಷಧಿ ಅನ್ನೋದಕ್ಕಿಂತ ಅದರ ಎರಡನೇ ಅರ್ಧ ಪರೀಕ್ಷೆಯ ದಿನ ಬೆಳಗ್ಗೆ ಹೊಟ್ಟೆಗೆ ಹೋಯಿತೇ ಅನ್ನೋದು ದೊಡ್ಡದು. ಹಿಂದಿನ ಸಂಜೆಯೇ ಎಲ್ಲ ಮುಗಿಸಿದರೆ ರಾತ್ರಿಯಿಡೀ ಸಣ್ಣ ಕರುಳಿನಿಂದ ಪಿತ್ತ ಬೆರೆತ ಅಂಟು ದ್ರವ ಇಳಿದು ದೊಡ್ಡ ಕರುಳಿನ ಆರಂಭದಲ್ಲಿ, ಅಂದರೆ ಬಲಭಾಗದಲ್ಲಿ, ಲೇಪದಂತೆ ಕೂರುತ್ತದೆ. ಬಲಭಾಗದ ಪಾಲಿಪ್‌ಗಳಲ್ಲಿ (ಕರುಳಿನ ಒಳಗೋಡೆಯ ಸಣ್ಣ ಗಂಟುಗಳು) ಹಲವು ಚಪ್ಪಟೆ. ಅವುಗಳ ಮೇಲೆಯೇ ಲೋಳೆಯ ಪದರ ಇರುತ್ತದೆ, ಅದರ ಮೇಲೆ ಇನ್ನೊಂದು ಲೇಪ ಬಿದ್ದರೆ ಕಣ್ಣಿಗೆ ಸಿಗುವುದಿಲ್ಲ. ರೋಗಿಗೆ ಮಾತ್ರ 'ಚೆನ್ನಾಗಿ ಭೇದಿ ಆಗಿತ್ತಲ್ಲ' ಅನ್ನಿಸಿರುತ್ತದೆ.

ಸ್ವಚ್ಛತೆಯನ್ನು ನಾವು ಬಾಸ್ಟನ್ ಅಳತೆಯಲ್ಲಿ ಬರೆಯುತ್ತೇವೆ. ಬಲ, ನಡು, ಎಡ, ಮೂರು ಭಾಗಕ್ಕೂ 0ಯಿಂದ 3 ಅಂಕ, ಒಟ್ಟು 9. ಒಟ್ಟು 6 ಇದ್ದರೂ ಸಾಲದು, ಪ್ರತಿ ಭಾಗಕ್ಕೂ ಕನಿಷ್ಠ 2 ಇರಬೇಕು. ಎಡಕ್ಕೆ 3, ನಡುವಿಗೆ 3, ಬಲಕ್ಕೆ 1 ಬಂದರೆ ಒಟ್ಟು 7 ಆದರೂ ಆ ಪರೀಕ್ಷೆ ಅಪೂರ್ಣವೇ. ವರದಿ ಕೈಗೆ ಬಂದಾಗ ಈ ಮೂರು ಅಂಕ ಬರೆದಿದೆಯೇ ನೋಡಿ, ಇಲ್ಲದಿದ್ದರೆ ಕೇಳಿ. ಅದು ನಿಮ್ಮ ಹಕ್ಕು.

ಆದ್ದರಿಂದ ಅರ್ಧ ಹಿಂದಿನ ಸಂಜೆ 6ರಿಂದ 8ರೊಳಗೆ, ಉಳಿದರ್ಧ ಪರೀಕ್ಷೆಗೆ 4ರಿಂದ 6 ಗಂಟೆ ಮುಂಚೆ ಶುರು. ಕೊನೆಯ ಗುಟುಕು ಪರೀಕ್ಷೆಗೆ 2 ಗಂಟೆ ಮುಂಚೆ ಮುಗಿದಿರಬೇಕು. ಆಮೇಲೆ ಒಂದು ಹನಿ ನೀರೂ ಬೇಡ. ಮಂಪರು ಔಷಧಿ ಕೊಟ್ಟಾಗ ಹೊಟ್ಟೆಯಲ್ಲಿರುವುದು ಮೇಲೆ ಬಂದು ಶ್ವಾಸಕೋಶಕ್ಕೆ ಹೋಗುವ ಅಪಾಯವಿದೆ.

ವಿರಾಜಪೇಟೆ ಓದುಗ

ಡಾಕ್ಟ್ರೇ, ಅಲ್ಲೇ ನಮಗೆ ಕಷ್ಟ. 11ಕ್ಕೆ ಪರೀಕ್ಷೆ ಅಂದರೆ 5ಕ್ಕೆ ಕುಡಿಯೋಕೆ ಶುರು ಮಾಡಬೇಕು. ವಿರಾಜಪೇಟೆಯಿಂದ ಮೈಸೂರಿಗೆ ಎರಡೂವರೆಯಿಂದ ಮೂರು ಗಂಟೆ ದಾರಿ. ತಿತಿಮತಿ ದಾಟಿದ ಮೇಲೆ ಆನೆಚೌಕೂರು ಕಳೆಯೋವರೆಗೆ ಕಾಡು, ಗಾಡಿ ನಿಲ್ಲಿಸಿ ಇಳಿಯೋ ಹಾಗಿಲ್ಲ.

ಎಂಡೋಸ್ಕೋಪಿ ಸಿಸ್ಟರ್

ಇದಕ್ಕೆ ಲೆಕ್ಕ ಹಾಕಿ ಇಟ್ಟುಕೊಳ್ಳಿ. ಎರಡನೇ ಅರ್ಧ ಒಂದು ಲೀಟರ್ ಆದರೆ 250 ಮಿ.ಲೀ. ಲೋಟ, 15 ನಿಮಿಷಕ್ಕೊಂದು, ಒಂದು ಗಂಟೆ ಸಾಕು. 5ಕ್ಕೆ ಶುರು, 6ಕ್ಕೆ ಮುಗಿತು. ಎರಡು ಲೀಟರ್ ಬರೆದಿದ್ದರೆ ದಾರಿ ದೂರ ಇರೋದರಿಂದ ಅರ್ಧ ಗಂಟೆ ಮುಂಚೆ, ನಾಲ್ಕೂವರೆಗೇ ಶುರು ಮಾಡಬೇಕು, ಆರೂವರೆಗೆ ಮುಗೀಬೇಕು. ಕೊನೆಯ ಲೋಟ ಆದ ಮೇಲೆ ಒಂದು ಗಂಟೆಯಾದರೂ ಮನೆಯಲ್ಲೇ ಇರಿ, ಜೋರು ಭೇದಿ ಆ ಹೊತ್ತಲ್ಲೇ ಆಗೋದು. ಏಳೂವರೆಗೆ ಹೊರಟರೆ ಹತ್ತೂವರೆಗೆ ತಲುಪಬಹುದು. ಗೋಣಿಕೊಪ್ಪದಲ್ಲಿ ಒಂದು ಸಲ ಟಾಯ್ಲೆಟ್‌ಗೆ ಹೋಗಿಯೇ ಮುಂದೆ ಹೋಗಿ, ಆಮೇಲೆ ಹುಣಸೂರು. ಗಾಡಿಯ ಸೀಟಿಗೆ ಪ್ಲಾಸ್ಟಿಕ್ ಹಾಳೆ, ಮೇಲೆ ಹಳೇ ಟವೆಲ್, ದೊಡ್ಡವರ ಡಯಾಪರ್, ಒಂದು ಜೊತೆ ಬಟ್ಟೆ. ಡಯಾಪರ್ ಹಾಕೋಕೆ ಹಿರಿಯರು ಸಂಕೋಚ ಪಡ್ತಾರೆ. ಹಿಂದಿನ ದಿನವೇ ಮೆಲ್ಲಗೆ ಹೇಳಿ ಒಪ್ಪಿಸಿಡಿ, ಬೆಳಗಿನ ಜಾವ ಆ ಮಾತು ತೆಗೆದರೆ ಮನಸ್ಸಿಗೆ ನೋವಾಗುತ್ತೆ.

ಇದಕ್ಕಿಂತ ಒಳ್ಳೇ ದಾರಿ, ಫೋನ್ ಮಾಡಿ ಮಧ್ಯಾಹ್ನ 1 ಅಥವಾ 2ರ ಸಮಯ ಕೇಳೋದು. ದೂರದಿಂದ ಬರ್ತೀವಿ ಅಂತ ಹೇಳಿದರೆ ಹೆಚ್ಚಿನ ಕಡೆ ಹೊಂದಿಸಿಕೊಡ್ತಾರೆ. 2ಕ್ಕೆ ಇದ್ದರೆ, ಒಂದು ಲೀಟರ್ ಆದರೆ ಬೆಳಗ್ಗೆ 8ರಿಂದ 9ರೊಳಗೆ ಕುಡಿದು, 10ಕ್ಕೆ ಹೊರಡಬಹುದು. ಮೂರನೇ ದಾರಿ ಹಿಂದಿನ ಸಂಜೆಯೇ ಮೈಸೂರಿಗೆ ಹೋಗಿ ಉಳಿಯೋದು. ಆಗ ಮೊದಲ ಅರ್ಧವನ್ನು ರೂಮಿಗೆ ತಲುಪಿದ ಮೇಲೆಯೇ ಶುರು ಮಾಡಿ. ಬಸ್ಸಲ್ಲಿ ಕೂತು ಯಾವ ಕಾರಣಕ್ಕೂ ಬೇಡ.

ಸಂಪಾಜೆ ಘಾಟಿ ಇಳಿದು ಮಂಗಳೂರಿಗೆ ಹೋಗೋರು ಇನ್ನೊಂದು ಯೋಚಿಸಬೇಕು. ತಿರುವಿನಲ್ಲಿ ಮೊದಲೇ ಹೊಟ್ಟೆ ತೊಳಸುತ್ತೆ, ಅದರ ಮೇಲೆ ಎರಡು ಲೀಟರ್ ಉಪ್ಪು ನೀರು. ಅಂಥವರು ವಾಂತಿ ತಡೆಯೋ ಮಾತ್ರೆಯನ್ನು ವೈದ್ಯರ ಹತ್ತಿರ ಮೊದಲೇ ಕೇಳಿ ಬರೆಸಿಕೊಳ್ಳಿ.

ಬರುವಾಗ ಜೊತೆಗೆ ಒಬ್ಬರು ಇರಲೇಬೇಕು. ಮಂಪರು ಕೊಟ್ಟ ಮೇಲೆ 24 ಗಂಟೆ ಗಾಡಿ ಓಡಿಸೋ ಹಾಗಿಲ್ಲ.

ನಾಪೋಕ್ಲು ನೆರೆಯವ

ಸಲ್ಫೇಟ್ ಶೀಶೆ ಅಂತ ಇನ್ನೊಂದಿದೆ, ಮೇಲೆ ಹೇಳಿದ ಫಾಸ್ಫೇಟ್ ಶೀಶೆಯಲ್ಲ; ಅದು ಮತ್ತು ಅರ್ಧ ಲೋಟ ನೀರಿಗೆ ಹಾಕೋ ಪಿಕೋಸಲ್ಫೇಟ್ ಪೊಟ್ಟಣ ಎರಡೂ ಒಂದೇನಾ? ಹೆಸರು ಕೇಳಿದರೆ ಹಾಗೇ ಅನ್ನಿಸುತ್ತೆ.

ಗೋಣಿಕೊಪ್ಪ ಫಾರ್ಮಸಿ

ಅಲ್ಲ, ಕೆಲಸ ಮಾಡೋ ರೀತಿಯೇ ಬೇರೆ.

ಸಲ್ಫೇಟ್ ಶೀಶೆಯಲ್ಲಿ ಇರೋದು ಸೋಡಿಯಂ, ಪೊಟ್ಯಾಸಿಯಂ, ಮೆಗ್ನೀಸಿಯಂ ಸಲ್ಫೇಟ್. ಸಲ್ಫೇಟನ್ನು ಕರುಳು ಸರಿಯಾಗಿ ಹೀರಲ್ಲ, ಅದು ಕರುಳಿನೊಳಗೆ ನೀರು ಹಿಡಿದಿಡುತ್ತೆ. ಒಂದು ಶೀಶೆ ಸುಮಾರು 177 ಮಿ.ಲೀ. ಅದನ್ನು ಹಾಗೇ ಕುಡಿಯಬಾರದು. ಜೊತೆ ಕೊಟ್ಟಿರೋ ಲೋಟದ ಗೆರೆವರೆಗೆ ನೀರು ಬೆರೆಸಿ ಅರ್ಧ ಲೀಟರ್‌ನಷ್ಟು ಮಾಡಬೇಕು, ಕುಡಿದ ಮೇಲೆ ಒಂದು ಗಂಟೆಯೊಳಗೆ ಇನ್ನೂ ಒಂದು ಲೀಟರ್‌ನಷ್ಟು ಬರೀ ನೀರು ಕುಡಿಬೇಕು. ಸಂಜೆ ಒಂದು ಶೀಶೆ, ಬೆಳಗ್ಗೆ ಇನ್ನೊಂದು. ಸ್ವಚ್ಛ ಮಾಡೋದರಲ್ಲಿ ನಾಲ್ಕು ಲೀಟರ್ ಪೆಗ್‌ಗೆ ಇದು ಸಮ. ತಪ್ಪಾಗೋದು ಶೀಶೆ ಆದ ಮೇಲಿನ ಆ ಒಂದು ಲೀಟರ್ ನೀರಲ್ಲಿ. ಶೀಶೆ ಮುಗಿತು ಅಂತ ಮಲಗಿಬಿಡ್ತಾರೆ. ಆಗ ತಲೆಸುತ್ತು, ತಲೆನೋವು, ಹೊಟ್ಟೆಯೂ ಪೂರ್ತಿ ಸ್ವಚ್ಛವಾಗಲ್ಲ.

ಪಿಕೋಸಲ್ಫೇಟ್ ಪೊಟ್ಟಣದಲ್ಲಿ 10 ಮಿ.ಗ್ರಾಂ ಸೋಡಿಯಂ ಪಿಕೋಸಲ್ಫೇಟ್, ಜೊತೆಗೆ 3.5 ಗ್ರಾಂ ಮೆಗ್ನೀಸಿಯಂ ಆಕ್ಸೈಡ್ ಮತ್ತು ಸಿಟ್ರಿಕ್ ಆಮ್ಲ. ಪಿಕೋಸಲ್ಫೇಟನ್ನು ಕರುಳಿನ ಬ್ಯಾಕ್ಟೀರಿಯಾ ಬದಲಾಯಿಸಿದ ಮೇಲೆ ಅದು ಕರುಳನ್ನು ಹಿಂಡೋಕೆ ಶುರುಮಾಡುತ್ತೆ. ಮೆಗ್ನೀಸಿಯಂ ಮತ್ತು ಸಿಟ್ರಿಕ್ ಆಮ್ಲ ನೀರಲ್ಲಿ ಸೇರಿ ಮೆಗ್ನೀಸಿಯಂ ಸಿಟ್ರೇಟ್ ಆಗಿ ನೀರು ಎಳೆಯುತ್ತೆ. 150 ಮಿ.ಲೀ. ನೀರಿಗೆ ಹಾಕಿ ಕಲಕುವಾಗ ಲೋಟ ಬಿಸಿಯಾಗುತ್ತೆ, ಹೆದರಬೇಡಿ, ಆರಿಸಿ ಕುಡಿಯಿರಿ. ರುಚಿಯಲ್ಲಿ ಎಲ್ಲಕ್ಕಿಂತ ಇದೇ ವಾಸಿ. ಆದರೆ ಪೊಟ್ಟಣ ಸಣ್ಣದು ಅಂದ ಮಾತ್ರಕ್ಕೆ ನೀರು ಕಡಿಮೆ ಅಲ್ಲ. ಹೋದ ನೀರಿಗೆ ಬದಲಾಗಿ ಬೇರೆ ಬೇರೆ ತಿಳಿ ಪಾನೀಯ ಲೀಟರ್‌ಗಟ್ಟಲೆ ಕುಡಿಬೇಕು. ಬರೀ ನೀರನ್ನೇ ಕುಡಿದರೆ ರಕ್ತದ ಸೋಡಿಯಂ ಕುಸಿಯುತ್ತೆ. ವಯಸ್ಸಾದ ಹೆಂಗಸರು, ಬಿಪಿಗೆ ಥಯಾಜೈಡ್ (ಒಂದು ಬಗೆಯ ನೀರಿನ ಮಾತ್ರೆ) ತಗೊಳ್ಳೋರು ಇದರಲ್ಲಿ ಬೇಗ ಸಿಕ್ಕಿಬೀಳ್ತಾರೆ. ಮಾತು ತಡವರಿಸೋದು, ಗೊಂದಲ, ಕೊನೆಗೆ ಫಿಟ್ಸ್ ಕೂಡ. ಜೊತೆಗೆ ಓಆರ್‌ಎಸ್, ತಿಳಿ ಸಾರು ಇರಲಿ.

ಮೂತ್ರಪಿಂಡ ದುರ್ಬಲ ಇರೋರಲ್ಲಿ ಮೆಗ್ನೀಸಿಯಂ ಹೊರಹೋಗದೆ ಉಳಿಯುತ್ತೆ. ಹಾಗಾಗಿ ಈ ಎರಡಕ್ಕೂ ಅವರು ತಾವಾಗಿ ಕೈ ಹಾಕಬಾರದು.

ಎರಡು ಲೀಟರ್ ಪೆಗ್ ಜೊತೆ ವಿಟಮಿನ್ ಸಿ ಸೇರಿಸಿದ ತಯಾರಿಕೆಯೂ ಇದೆ. ಹೀರದೆ ಉಳಿದ ವಿಟಮಿನ್ ಸಿ ಕೂಡ ನೀರು ಎಳೆಯೋದರಿಂದ ಪ್ರಮಾಣ ಅರ್ಧಕ್ಕೆ ಇಳಿಯುತ್ತೆ. ಜಿ6ಪಿಡಿ (ರಕ್ತಕಣ ಕಾಪಾಡೋ ಕಿಣ್ವ) ಕೊರತೆ ಇರೋರಿಗೆ ಅದು ಕೂಡದು, ರಕ್ತಕಣ ಒಡೆಯುತ್ತೆ.

ನಾಪೋಕ್ಲು ನೆರೆಯವ

ಮ್ಯಾನಿಟಾಲ್ ಬಾಟಲಿ ಕುಡಿಸೋದು? ಹರಳೆಣ್ಣೆ?

ಕರುಳು ವೈದ್ಯ

ಮ್ಯಾನಿಟಾಲ್ ಸಕ್ಕರೆಯಂಥ ಒಂದು ಸಿಹಿ ವಸ್ತು. ಕರುಳಿನ ಬ್ಯಾಕ್ಟೀರಿಯಾ ಅದನ್ನು ಹುಳಿಸಿ ಹೈಡ್ರೋಜನ್, ಮೀಥೇನ್ ಅನಿಲ ಮಾಡುತ್ತವೆ. ಪಾಲಿಪ್ ಕತ್ತರಿಸಲು ವಿದ್ಯುತ್ ತಂತಿ ಬಳಸಿದಾಗ ಆ ಅನಿಲ ಕರುಳಿನೊಳಗೇ ಸ್ಫೋಟಿಸಿ ಪ್ರಾಣ ಹೋದದ್ದು ವೈದ್ಯಕೀಯ ದಾಖಲೆಯಲ್ಲಿದೆ. ಮಲಬದ್ಧತೆಗೆ ಕೊಡುವ ಲ್ಯಾಕ್ಟುಲೋಸ್ ಸಿರಪ್‌ಗೂ ಇದೇ ಆಕ್ಷೇಪ. ಪೆಗ್ ಹೀಗೆ ಹುಳಿಯುವುದಿಲ್ಲ. ಹರಳೆಣ್ಣೆ ಹೊಟ್ಟೆ ಹಿಂಡುತ್ತದೆ, ಕರುಳನ್ನು ತೊಳೆಯುವುದಿಲ್ಲ. ಎನಿಮಾ ಕೊನೆಯ ಒಂದೆರಡು ಅಡಿಯನ್ನು ಮಾತ್ರ ತೊಳೆಯುತ್ತದೆ, ಬಲಭಾಗಕ್ಕೆ ಅದರಿಂದ ಏನೂ ಆಗದು.

ಊಟದ ಲೆಕ್ಕ, ಕುಶಾಲನಗರ

ಕೊಡಗಿನ ಅಡುಗೆಮನೆಗೆ ಹೊಂದೋ ಪಥ್ಯದ ಚೀಟಿ ಸಿಗೋದೇ ಇಲ್ಲ. 'ನಾರು ಕಡಿಮೆ ಇರೋ ಆಹಾರ' ಅಂತ ಒಂದು ಸಾಲು ಬರೆದಿರ್ತಾರೆ ಅಷ್ಟೇ. ಮಲಬದ್ಧತೆ ಇಲ್ಲದವರಿಗೆ ಹಿಂದಿನ ಒಂದು ದಿನದ ಪಥ್ಯ ಸಾಕು, ಮೂರು ದಿನ ಉಪವಾಸ ಕೂರಿಸಬೇಡಿ. ಆದರೆ ಬೀಜ ಮತ್ತು ಗಟ್ಟಿ ನಾರನ್ನು ಮೂರು ದಿನ ಮುಂಚೆಯೇ ಬಿಟ್ಟುಬಿಡೋದು ಒಳ್ಳೇದು.

ಮಳೆಗಾಲದಲ್ಲಿ ದೊಡ್ಡ ತೊಂದರೆ ಕಣಿಲೆ (ಎಳೆ ಬಿದಿರು). ಅದರ ಬೈಂಬಳೆ ಕರಿ ತಿಂದರೆ ಅದರ ನಾರು ದಿನಗಟ್ಟಲೆ ಕರುಳಲ್ಲಿ ಉಳಿಯುತ್ತೆ. ಅಣಬೆ, ಕೆಸದ ಸೊಪ್ಪು, ಹಲಸು, ಕಾಡುಮಾವಿನ ಗೊಜ್ಜು ಇವೂ ಅದೇ ಪಂಗಡ. ಪುತ್ತರಿ (ಸುಗ್ಗಿ ಹಬ್ಬ) ಹೊತ್ತಲ್ಲಿ ತಂಬುಟ್ಟಿನ ಜೊತೆ ಎಳ್ಳು ಬರುತ್ತೆ, ಪುತ್ತರಿ ಗೆಣಸೂ ನಾರೇ. ಪ್ಯಾಶನ್ ಹಣ್ಣು, ಸೀಬೆ, ಟೊಮೆಟೊ, ಸೌತೆ, ಎಲ್ಲದರ ಬೀಜವೂ ಹಾಗೇ ಉಳಿಯುತ್ತೆ.

ಕಕ್ಕಡ ತಿಂಗಳ ಹದಿನೆಂಟನೇ ದಿನದ ಮದ್ದುಸೊಪ್ಪಿನ ಪಾಯಸ ತಿಂದರೆ ಮೂತ್ರ ಕೆಂಪಗೆ ಹೋಗೋದು ನಮಗೆಲ್ಲ ಗೊತ್ತು, ಹೊರಗಿನ ಆಸ್ಪತ್ರೆಯವರಿಗೆ ಗೊತ್ತಿಲ್ಲ. ಆ ನೇರಳೆ ಬಣ್ಣ ಸುಮ್ಮನೆ ರಕ್ತದ ಅನುಮಾನ ಹುಟ್ಟಿಸುತ್ತೆ. ಆಗಸ್ಟ್ ಮೊದಲ ವಾರ ಪರೀಕ್ಷೆ ಇದ್ದರೆ ಆ ವರ್ಷ ಪಾಯಸ ಬಿಡಿ. ಪುನರ್ಪುಳಿ, ಬೀಟ್‌ರೂಟ್, ಕೆಂಪು ಶರಬತ್ತಿಗೂ ಇದೇ ಮಾತು.

ಹಿಂದಿನ ದಿನ ಬೆಳಗ್ಗೆ ನೂಪುಟ್ಟು ಅಥವಾ ಕಡಂಬುಟ್ಟು, ಜೊತೆಗೆ ಮೊಟ್ಟೆ ಅಥವಾ ತಿಳಿಯಾದ ಕೋಳಿ ಸಾರು. ಇವು ಬರೀ ಅಕ್ಕಿ, ತೊಂದರೆ ಇಲ್ಲ. ಪಾಪುಟ್ಟು ಬೇಡ, ತೆಂಗಿನ ತುರಿ ಇದೆ. ಪಂದಿ (ಹಂದಿ) ಕರಿಯೂ ಬೇಡ: ಕೊಬ್ಬು ನಿಧಾನ ಜೀರ್ಣವಾಗುತ್ತೆ, ಹುರಿದ ಮಸಾಲೆಯ ತರಿ ಉಳಿಯುತ್ತೆ, ಅದಕ್ಕೆ ಹಾಕೋ ಹುಳಿ ಕಚಂಪುಳಿಯ ಕಪ್ಪು ಬೇರೆ. ಮಧ್ಯಾಹ್ನ ಬಿಳಿ ಅನ್ನ, ಮೊಸರು. ಆಮೇಲೆ ತಿಳಿ ದ್ರವ ಮಾತ್ರ. ತಿಳಿ ಅಂದರೆ ಲೋಟದ ಆಚೆ ಇಟ್ಟ ಅಕ್ಷರ ಕಾಣಬೇಕು. ಹಾಲಿಲ್ಲದ ಕಾಫಿ, ಬೆಲ್ಲದ ಕಾಫಿ ಸೋಸಿದ್ದು, ಸೋಸಿದ ಲಿಂಬೆ ಪಾನಕ, ಬಸಿದ ಸಾರು ಆಗುತ್ತೆ. ಮಜ್ಜಿಗೆ, ಹಾಲು, ರಾಗಿ ಅಂಬಲಿ ಆಗಲ್ಲ. ಎಳನೀರು ಮೂತ್ರಪಿಂಡ ಸರಿ ಇರೋರಿಗೆ ಮಾತ್ರ, ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ. ಮನೆಯಲ್ಲಿ ಮಾಡಿದ ವೈನ್ ತಿಳಿಯಾಗೇ ಇದ್ದರೂ ಮುಟ್ಟಬೇಡಿ.

ಎಂಡೋಸ್ಕೋಪಿ ಸಿಸ್ಟರ್

ಬೀಜದ ಮಾತಿಗೆ ಒಂದು ಸೇರಿಸ್ತೀನಿ ಅಕ್ಕ. ದೊಡ್ಡವರಿಗೆ ಬಳಸೋ ಕೊಲೊನೋಸ್ಕೋಪಿನ ಹೀರುನಾಳ ಸಾಮಾನ್ಯವಾಗಿ 3.7 ಮಿ.ಮೀ. ಅಗಲ. ದ್ರವ ಉಳಿದಿದ್ದರೆ ಅದರಲ್ಲೇ ಹೀರಿ ತೆಗೀತೀವಿ. ಎಳ್ಳು, ಸೀಬೆ ಬೀಜ, ಕಣಿಲೆಯ ನಾರು ಬಂದರೆ ನಾಳ ಕಟ್ಟಿಕೊಳ್ಳುತ್ತೆ, ಪರೀಕ್ಷೆ ಅರ್ಧಕ್ಕೆ ನಿಲ್ಲಿಸಬೇಕಾಗುತ್ತೆ.

ವಿರಾಜಪೇಟೆ ಓದುಗ

ಪೆಗ್ ಕುಡಿಯೋಕೆ ಆಗ್ತಿಲ್ಲ ಅಂತ ಜೇನು ಅಥವಾ ಬೆಲ್ಲ ಬೆರೆಸಬಹುದಾ? ಸಕ್ಕರೆ ಕಾಯಿಲೆ ಮಾತ್ರೆಯನ್ನು ಏನು ಮಾಡೋದು?

ಕರುಳು ವೈದ್ಯ

ಪೆಗ್ ಒಳಗೆ ಸಿಹಿ ಬೆರೆಸಬೇಡಿ. ಕರುಳು ಸಕ್ಕರೆ ಹೀರುವಾಗ ಜೊತೆಗೆ ಸೋಡಿಯಂ, ನೀರು ಎರಡನ್ನೂ ಒಳಗೆಳೆಯುತ್ತದೆ. ಓಆರ್‌ಎಸ್ ಕೆಲಸ ಮಾಡುವುದೇ ಹಾಗೆ. ಹರಿದು ಹೋಗಬೇಕಾದ ನೀರು ದೇಹದಲ್ಲೇ ಉಳಿಯುತ್ತದೆ, ಹೃದಯ ದುರ್ಬಲವಿದ್ದವರಿಗೆ ಅದು ಭಾರ. ರುಚಿ ಬದಲಿಸಲು ಎರಡು ಲೋಟದ ನಡುವೆ ಲಿಂಬೆ ಹೋಳು ನೆಕ್ಕಿ, ಸ್ಟ್ರಾ ನಾಲಿಗೆಯ ಹಿಂಭಾಗಕ್ಕೆ ಇಟ್ಟು ಕುಡಿಯಿರಿ.

ಸಕ್ಕರೆ ಮಾತ್ರೆಗಳಲ್ಲಿ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಗುಂಪಿನವು ಇವೆಯೇ ಎಂದು ಮೊದಲು ನೋಡಿ. ಅವನ್ನು ಸಾಮಾನ್ಯವಾಗಿ ಮೂರು ದಿನ ಮುಂಚೆ ನಿಲ್ಲಿಸುತ್ತೇವೆ. ಊಟವಿಲ್ಲದೆ, ನೀರು ಕಡಿಮೆಯಾದಾಗ ರಕ್ತದಲ್ಲಿ ಆಮ್ಲ ಏರುತ್ತದೆ, ಗ್ಲೂಕೋಮೀಟರ್‌ನಲ್ಲಿ ಸಕ್ಕರೆ ಹೆಚ್ಚು ಕಾಣದೆಯೂ ಇರಬಹುದು. ಗ್ಲಿಮೆಪಿರೈಡ್ ಥರದವು ಊಟವಿಲ್ಲದ ದಿನ ಸಕ್ಕರೆಯನ್ನು ತೀರಾ ಇಳಿಸುತ್ತವೆ. ಇನ್ಸುಲಿನ್ ಪೂರ್ತಿ ನಿಲ್ಲಿಸುವುದಲ್ಲ, ಪ್ರಮಾಣ ಇಳಿಸಿ ಬರೆಸಿಕೊಳ್ಳುವುದು. ನಾಲ್ಕು ಗಂಟೆಗೊಮ್ಮೆ ರಕ್ತದ ಸಕ್ಕರೆ ನೋಡಿ. 70ಕ್ಕಿಂತ ಕೆಳಗಿಳಿದರೆ ಮೂರು ಟೀ ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ಬೇರೆ ಲೋಟದಲ್ಲಿ, ಪೆಗ್ ಜೊತೆಯಲ್ಲ. ಪರೀಕ್ಷೆಗೆ ಎರಡು ಗಂಟೆಯೊಳಗೆ ಹಾಗೆ ಕುಡಿಸಬೇಕಾಗಿ ಬಂದರೂ ಕುಡಿಸಿ, ಆಸ್ಪತ್ರೆಗೆ ತಿಳಿಸಿ.

ಕಬ್ಬಿಣಾಂಶದ ಮಾತ್ರೆ ಐದರಿಂದ ಏಳು ದಿನ ಮುಂಚೆ ಬಿಡಬೇಕು, ಮಲ ಕಪ್ಪಾಗಿ ಗೋಡೆಗೆ ಅಂಟುತ್ತದೆ. ರಕ್ತ ತೆಳು ಮಾಡುವ ಮಾತ್ರೆಯನ್ನು ಸ್ವಂತ ತೀರ್ಮಾನದಿಂದ ನಿಲ್ಲಿಸಬೇಡಿ. ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡವರಿಗಂತೂ ಅದು ಪ್ರಾಣದ ಪ್ರಶ್ನೆ. ಹೊಟ್ಟೆ ಉಬ್ಬಿ, ಗಾಳಿಯೂ ಹೋಗದೆ, ವಾಂತಿ ಆಗುತ್ತಿರುವವರಿಗೆ ಈ ಯಾವ ದ್ರಾವಣವನ್ನೂ ಕುಡಿಸಬಾರದು. ಅದು ಕರುಳು ಕಟ್ಟಿರುವ ಲಕ್ಷಣ.

ಸುಂಟಿಕೊಪ್ಪ ಆಶಾ

ಡಾಕ್ಟ್ರೇ, ತೋಟದ ಲೈನ್ ಮನೆಯವರ (ಕಾರ್ಮಿಕರ ಸಾಲುಮನೆ) ಬಗ್ಗೆಯೂ ಹೇಳಿ. ಮೂರ್ನಾಲ್ಕು ಮನೆಗೆ ಒಂದೇ ಕಕ್ಕಸು ಇದ್ದರೆ ನಸುಕಿನಲ್ಲಿ ಮಳೆಯಲ್ಲಿ ಹತ್ತು ಸಲ ಓಡೋದು ಹೇಗೆ?

ಕರುಳು ವೈದ್ಯ

ಈ ಪ್ರಶ್ನೆ ಕೇಳಿದ್ದು ಒಳ್ಳೆಯದಾಯಿತು. ಅಂಥವರನ್ನು ಹಿಂದಿನ ದಿನವೇ ಆಸ್ಪತ್ರೆಗೆ ಸೇರಿಸಿ ಅಲ್ಲೇ ಕುಡಿಸಬೇಕು. ಸಮಯ ಗೊತ್ತು ಮಾಡುವಾಗಲೇ 'ಮನೆಯಲ್ಲಿ ಪ್ರತ್ಯೇಕ ಶೌಚಾಲಯವಿಲ್ಲ' ಎಂದು ಬಾಯಿಬಿಟ್ಟು ಹೇಳಿ, ಚೀಟಿಯ ಮೇಲೆ ಬರೆಸಿ. ಒಂಟಿಯಾಗಿರುವ ಹಿರಿಯರು, ನಡೆಯಲಾಗದವರು, ಹಿಂದೆ ಒಮ್ಮೆ ಹೊಟ್ಟೆ ಸರಿಯಾಗಿ ಸ್ವಚ್ಛವಾಗದವರು, ಇವರಿಗೂ ಹಾಗೇ.

ಎಂಡೋಸ್ಕೋಪಿ ಸಿಸ್ಟರ್

ಮನೆಯಲ್ಲೇ ಕುಡಿಯೋರಿಗೆ ಕೈಕೆಲಸದ ಮಾತು. ಮಳೆಗಾಲದಲ್ಲಿ ಬಾವಿ, ತೊರೆ ನೀರನ್ನು ಕುದಿಸಿ ಪೂರ್ತಿ ಆರಿಸಿದ ಮೇಲೆ ಪುಡಿ ಹಾಕಿ. ಕರಗೋಕೆ ಐದಾರು ನಿಮಿಷ ಬೇಕು, ತಳದಲ್ಲಿ ಪುಡಿ ಉಳಿದರೆ ಕೊನೆಯ ಲೋಟ ಬರೀ ಉಪ್ಪಾಗುತ್ತೆ. 'ಫ್ರಿಜ್‌ನಲ್ಲಿಟ್ಟು ತಣ್ಣಗೆ ಕುಡಿಯಿರಿ' ಅನ್ನೋ ಸಲಹೆ ಬಯಲುಸೀಮೆಯ ಬೇಸಿಗೆಗೆ ಸರಿ. ಜುಲೈ ತಿಂಗಳ ಮಡಿಕೇರಿಯ ನಸುಕಿಗೆ ಅಲ್ಲ. ಎರಡು ಲೀಟರ್ ತಣ್ಣೀರು ಒಳಗೆ ಹೋದರೆ ಹಿರಿಯರು ಗಡಗಡ ನಡುಗ್ತಾರೆ. ಮನೆಯ ಸಹಜ ತಂಪು ಸಾಕು. ಎರಡನೇ ಅರ್ಧವನ್ನು ಮುಚ್ಚಿಡಿ, 24 ಗಂಟೆ ಮೀರಿದ್ದನ್ನು ಚೆಲ್ಲಿ.

ಹೊಟ್ಟೆ ತೊಳಸಿದರೆ ಅರ್ಧ ಗಂಟೆ ನಿಲ್ಲಿಸಿ, ನಾಲ್ಕು ಹೆಜ್ಜೆ ಓಡಾಡಿ, ಆಮೇಲೆ ನಿಧಾನಕ್ಕೆ ಮುಂದುವರಿಸಿ. ಮತ್ತೆ ಮತ್ತೆ ವಾಂತಿಯಾದರೆ ಫೋನ್ ಮಾಡಿ, ತಾವಾಗಿ ನಿಲ್ಲಿಸಿ ಕೂರಬೇಡಿ. ಮೊದಲ ಭೇದಿಗೆ ಒಂದು ಗಂಟೆಯೂ ಆಗಬಹುದು, ಮೂರು ಗಂಟೆಯೂ ಆಗಬಹುದು. ಶುರುವಾಗೋ ಮೊದಲೇ ಗುದದ ಸುತ್ತ ವ್ಯಾಸಲೀನ್ ಅಥವಾ ಕೊಬ್ಬರಿ ಎಣ್ಣೆ ಹಚ್ಚಿ, ಉಜ್ಜದೆ ನೀರಲ್ಲಿ ತೊಳೆದು ಮೆತ್ತಗೆ ಒತ್ತಿ ಒರೆಸಿ. ಕರೆಂಟ್ ಹೋಗೋದು ಇದ್ದೇ ಇರುತ್ತೆ, ಬಚ್ಚಲಿನ ದಾರಿಗೆ ಟಾರ್ಚ್ ಇಡಿ, ಒದ್ದೆ ಚಾಪೆ ತೆಗೆದುಬಿಡಿ. ರಾತ್ರಿ ಎದ್ದು ಓಡುವಾಗ ಜಾರಿ ಬೀಳೋ ಭಯ ಇರುತ್ತೆ.

ಸಾಕಾಯ್ತಾ ಅಂತ ತಿಳಿಯೋದು ಎಷ್ಟು ಸಲ ಹೋಯಿತು ಅನ್ನೋದರಿಂದಲ್ಲ, ಬಣ್ಣದಿಂದ. ಹಾಲಿಲ್ಲದ ತಿಳಿ ಚಹಾದ ಹಾಗೆ, ಮೂತ್ರದ ಹಾಗೆ ಹಳದಿ, ಆರಪಾರ ಕಾಣೋ ನೀರು ಬಂದರೆ ಸರಿ. ಅದರಲ್ಲಿ ಒಂದೆರಡು ಚೂರು ತೇಲಿದರೂ ಚಿಂತೆ ಇಲ್ಲ. ಕಂದು, ಕದಡಿದ ನೀರೇ ಬರ್ತಿದ್ದರೆ ಹೊರಡೋ ಮೊದಲೇ ಆಸ್ಪತ್ರೆಗೆ ಫೋನ್ ಮಾಡಿ. ಇನ್ನಷ್ಟು ಕುಡಿಸಿ ಸಮಯವನ್ನು ಮಧ್ಯಾಹ್ನಕ್ಕೆ ತಳ್ಳಬಹುದು. ಮೂರು ಗಂಟೆ ಗಾಡಿಯಲ್ಲಿ ಕೂತು ಹೋಗಿ ವಾಪಸ್ ಬರೋದು ತಪ್ಪುತ್ತೆ.

ವಿರಾಜಪೇಟೆ ಓದುಗ

ಹಾಗಾದರೆ ಪೆಗ್, ಅರ್ಧ ಸಂಜೆ, ಅರ್ಧ ಬೆಳಗ್ಗೆ. ಸಮಯ ಮಧ್ಯಾಹ್ನ 1ಕ್ಕೆ ಬದಲಾಯಿಸಿ ಕೇಳೋದು. ನೊರೆ ಆಗದಿರೋಕೆ ಸಿಮೆಥಿಕೋನ್ ಅಂತ ಏನೋ ಕೊಡ್ತಾರಂತೆ, ಅದು ಯಾವಾಗ?

ಗೋಣಿಕೊಪ್ಪ ಫಾರ್ಮಸಿ

ಬೆಳಗಿನ ಅರ್ಧದ ಜೊತೆ ಅಣ್ಣ, ಚೀಟಿಯಲ್ಲಿ ಬರೆದಷ್ಟು. ಅದು ಗುಳ್ಳೆಯನ್ನು ಒಡೆಯುತ್ತೆ ಅಷ್ಟೇ, ಭೇದಿ ಮಾಡಿಸಲ್ಲ. ಮಕ್ಕಳಿಗೆ ಹಾಕೋ ಹನಿ ಔಷಧಿ ತರೋದಾದರೆ ಕೆಂಪು ಬಣ್ಣದ್ದಲ್ಲ ಅಂತ ನೋಡಿ ತಗೊಳ್ಳಿ. ಪೆಗ್ ಪೊಟ್ಟಣ ಎಷ್ಟು ಬೇಕು ಅನ್ನೋದನ್ನೂ ಚೀಟಿಯಲ್ಲಿ ನೋಡಿ, 4 ಲೀಟರ್ ಅಂದರೆ ಎರಡು ಪೊಟ್ಟಣ. ಪರೀಕ್ಷೆಗೆ ಮೂರು ದಿನ ಮುಂಚೆಯೇ ಕೊಂಡಿಡಿ, ಮಳೆಗೆ ದಾರಿ ಮುಚ್ಚಿದರೆ ಹಿಂದಿನ ಸಂಜೆ ಅಂಗಡಿಗೆ ಬರೋಕಾಗಲ್ಲ.